ಒಬ್ಬ ಸಿಸ್ಟರ್‌ಗೆ ಎಷ್ಟು ಹಾಸಿಗೆ?

ಮೇ ತಿಂಗಳ 12ನೇ ತಾರೀಖು ಅಂತರರಾಷ್ಟ್ರೀಯ ದಾದಿಯರ ದಿನ. 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅದು. ಅಂದು ನಮ್ಮ ಆಸ್ಪತ್ರೆಗಳಲ್ಲಿ ದೀಪ ಬೆಳಗುತ್ತಾರೆ, ಪ್ರತಿಜ್ಞೆ ಹೇಳಿಸುತ್ತಾರೆ, ಹಿರಿಯ ಸಿಸ್ಟರ್‌ಗಳಿಗೆ ಶಾಲು ಹೊದಿಸುತ್ತಾರೆ. ತಾಯಿ, ದೇವತೆ ಎಂಬ ಮಾತುಗಳು ವೇದಿಕೆಯ ಮೇಲಿಂದ ಧಾರಾಳವಾಗಿ ಬರುತ್ತವೆ. ಅದೇ ಸಿಸ್ಟರ್‌ಗಳ ಸಂಘ ಮುಂದಿನ ವಾರ ಒಂದು ಮನವಿಪತ್ರ ಹಿಡಿದು ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ‘ಸೇವೆ ಮಾಡುವವರಿಗೆ ಸಂಘ ಯಾಕೆ, ಧರಣಿ ಯಾಕೆ?’ ಎಂದು ಕೇಳುವವರೇ ಹೆಚ್ಚು.

ಕೇಳುವವರಲ್ಲಿ ಆ ಮನವಿಪತ್ರವನ್ನು ಓದಿದವರು ಕಡಿಮೆ. ನಾನು ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಂಥ ಮನವಿಪತ್ರಗಳನ್ನು ಓದಿದ್ದೇನೆ, ಬರೆದೂ ಇದ್ದೇನೆ. ಅವು ಯಾವ ಊರಿನವೇ ಇರಲಿ, ಸಂಬಳದ ಮಾತು ಬಿಟ್ಟರೆ ಸಾಮಾನ್ಯವಾಗಿ ನಾಲ್ಕು ಬೇಡಿಕೆ ಇರುತ್ತವೆ. ಖಾಲಿ ಹುದ್ದೆ ತುಂಬಿ. ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಬೇಡಿ. ಡ್ಯೂಟಿ ಲಿಸ್ಟ್ ಮುಂಚಿತವಾಗಿ ಕೊಡಿ. ಕೆಲಸದ ಜಾಗದಲ್ಲಿ ನಮಗೆ ರಕ್ಷಣೆ ಕೊಡಿ. ಈ ನಾಲ್ಕೂ ಬೇಡಿಕೆ ಮೇಲುನೋಟಕ್ಕೆ ನರ್ಸುಗಳವು. ಅವುಗಳ ಫಲ ಉಣ್ಣುವವರು ಹಾಸಿಗೆಯ ಮೇಲೆ ಮಲಗಿರುವವರು, ಅಂದರೆ ನೀವು, ನಿಮ್ಮ ಮನೆಯವರು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ, ಮತ್ತು ಇದನ್ನು ಲೆಕ್ಕ ಕೊಟ್ಟೇ ಹೇಳುತ್ತೇನೆ.

ಮೊದಲು ಸಂಖ್ಯೆಯ ವಿಚಾರ.

ಒಂದು ಜಿಲ್ಲಾಸ್ಪತ್ರೆಯ ಹೆಂಗಸರ ಮೆಡಿಕಲ್ ವಾರ್ಡನ್ನು ನೆನೆಸಿಕೊಳ್ಳಿ. ರಾತ್ರಿ ಎಂಟಕ್ಕೆ ಪಾಳಿ ಬದಲು. ಮಂಚ ಮೂವತ್ತು. ಡೆಂಗಿ ಕಾಲದಲ್ಲಿ ಮಂಚಗಳ ನಡುವೆ ಚಾಪೆಯೂ ಹಾಸಿರುತ್ತದೆ. ಮಧ್ಯಾಹ್ನದ ಪಾಳಿಯ ಸಿಸ್ಟರ್ ಒಂದೊಂದೇ ಹಾಸಿಗೆಯ ಹತ್ತಿರ ನಿಂತು ಹ್ಯಾಂಡೋವರ್ ಕೊಡುತ್ತಾರೆ: ‘ಏಳನೇ ಬೆಡ್, ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ಇನ್ಸುಲಿನ್ ಕೊಟ್ಟಾಗಿದೆ, ರಾತ್ರಿ ಎರಡಕ್ಕೆ ಶುಗರ್ ನೋಡ್ಬೇಕು. ಹನ್ನೊಂದು, ಡೆಂಗಿ, ಪ್ಲೇಟ್‌ಲೆಟ್ ಇಳೀತಾ ಇದೆ, ಗಂಟೆಗೊಂದು ಸಲ ಬಿಪಿ. ಹದಿನಾಲ್ಕು, ಪಾರ್ಶ್ವವಾಯು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು.’ ಹೀಗೆ ಮೂವತ್ತು ಹಾಸಿಗೆಯೂ ಮುಗಿದು, ಸಹಿ ಹಾಕಿ ಅವರು ಹೊರಟರು. ಇನ್ನು ಬೆಳಿಗ್ಗೆ ಎಂಟರವರೆಗೆ ಆ ವಾರ್ಡಿಗೆ ಒಬ್ಬರೇ ಸಿಸ್ಟರ್.

ಒಬ್ಬೊಬ್ಬರಿಗೆ ಹತ್ತೇ ನಿಮಿಷ ಕೊಟ್ಟರೂ ಮೂವತ್ತು ಜನಕ್ಕೆ ಐದು ಗಂಟೆ ಬೇಕು. ಮೊದಲ ಹಾಸಿಗೆಗೆ ತಿರುಗಿ ಬರುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ಹಾಗಾದರೆ ಹನ್ನೊಂದನೇ ಬೆಡ್ಡಿನ ‘ಗಂಟೆಗೊಂದು ಸಲ ಬಿಪಿ’ ಎಲ್ಲಿಂದ ಬರಬೇಕು? ಈ ನಡುವೆ ಎರಡು ಹೊಸ ಅಡ್ಮಿಷನ್ ಬರುತ್ತವೆ, ಒಂದು ಕಡೆಯಿಂದ ‘ಸಿಸ್ಟರ್, ಡ್ರಿಪ್ ಮುಗೀತು’ ಎಂಬ ಕೂಗು, ಇನ್ನೊಂದು ಕಡೆ ಯಾರಿಗೋ ಉಸಿರಾಟದ ತೊಂದರೆ. ಆ ಸಿಸ್ಟರ್ ಎಷ್ಟೇ ಚುರುಕಾಗಿರಲಿ, ಎಷ್ಟೇ ಕರುಣೆ ಉಳ್ಳವರಾಗಿರಲಿ, ಅವರಿಗಿರುವುದು ಎರಡು ಕೈ.

ಇಂಥ ರಾತ್ರಿಗಳಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಂಜೆಕ್ಷನ್ ಬಿಟ್ಟುಹೋಗುವುದಿಲ್ಲ. ಅದು ಕೇಸ್ ಶೀಟಿನಲ್ಲಿ ಬರೆದಿರುತ್ತದೆ, ಬೆಳಿಗ್ಗೆ ಡಾಕ್ಟರ್ ಕೇಳುತ್ತಾರೆ. ಬಿಟ್ಟುಹೋಗುವುದು ಯಾರೂ ಕೇಳದ ಕೆಲಸ. ಪಾರ್ಶ್ವವಾಯುವಿನ ರೋಗಿಯನ್ನು ಮಗ್ಗುಲಿಗೆ ತಿರುಗಿಸುವುದು, ಬಾಯಿ ಸ್ವಚ್ಛ ಮಾಡುವುದು, ಮೆಲ್ಲಗೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ಇನ್ಸುಲಿನ್ ಚುಚ್ಚಿಕೊಳ್ಳುವುದು ಹೇಗೆಂದು ಕೂತು ಕಲಿಸುವುದು, ಭಯಪಟ್ಟವರ ಕೈ ಹಿಡಿದು ಎರಡು ನಿಮಿಷ ಮಾತಾಡುವುದು. ಇವು ಬಿಟ್ಟುಹೋದದ್ದಕ್ಕೆ ದಾಖಲೆ ಇರುವುದಿಲ್ಲ. ಅದರ ಫಲ ಮಾತ್ರ ಕೆಲವು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ: ಬೆನ್ನಲ್ಲಿ ಹಾಸಿಗೆ ಹುಣ್ಣು, ಎದೆಯಲ್ಲಿ ನ್ಯುಮೋನಿಯಾ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮನೆಗೆ ಹೋದ ವಾರದಲ್ಲೇ ಮತ್ತೆ ಅಡ್ಮಿಷನ್.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕನ್ ಮತ್ತು ಅವರ ಸಂಗಡಿಗರು ಆ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡು ಲಕ್ಷ ಮೂವತ್ತೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ಮೂವತ್ತು ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತಿತ್ತು. ನಾಲ್ಕು ರೋಗಿಗಳ ಜಾಗದಲ್ಲಿ ಎಂಟಾದರೆ ಶೇ. 31. ಮುಂದೆ 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ನೋಡಿದಾಗಲೂ ಅದೇ ಏಳು ಕಂಡಿತು. ಅವರು ಅಳೆದದ್ದು ನಾಲ್ಕು ಮತ್ತು ಎಂಟರ ನಡುವಿನ ವ್ಯತ್ಯಾಸವನ್ನು. ನಮ್ಮ ರಾತ್ರಿ ಪಾಳಿಯ ಮೂವತ್ತು ಆ ಲೆಕ್ಕದ ಹತ್ತಿರವೂ ಬರುವುದಿಲ್ಲ.

ಒಬ್ಬ ನರ್ಸಿಗೆ ಇಷ್ಟೇ ರೋಗಿ ಎಂಬುದನ್ನು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ. ಅಮೆರಿಕದಲ್ಲಿ ಅದೇ ಮೊದಲ ರಾಜ್ಯ. ಅಲ್ಲಿನ ನರ್ಸುಗಳ ಸಂಘ ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 1999ರಲ್ಲಿ ಮಸೂದೆಗೆ ಸಹಿ ಬಿತ್ತು, 2004ರ ಜನವರಿ 1ರಿಂದ ಜಾರಿಗೆ ಬಂತು. ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಎರಡೇ ರೋಗಿ, ತುರ್ತು ಚಿಕಿತ್ಸೆಯಲ್ಲಿ ನಾಲ್ಕು, ಮಕ್ಕಳ ವಾರ್ಡಿನಲ್ಲಿ ನಾಲ್ಕು, ಸಾಮಾನ್ಯ ವಾರ್ಡಿನಲ್ಲಿ ಮೊದಲು ಆರು, ಆಮೇಲೆ ಐದು. ಆರರಿಂದ ಐದಕ್ಕೆ ಇಳಿಸುವ ಹೊತ್ತಿಗೆ ಗವರ್ನರ್ ಆಗಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅದನ್ನು ಮುಂದಕ್ಕೆ ಹಾಕಲು ನೋಡಿದರು. ನರ್ಸುಗಳು ಕೋರ್ಟಿಗೂ ಹೋದರು, ಬೀದಿಗೂ ಇಳಿದರು. 2005ರಲ್ಲಿ ಕೋರ್ಟು ನರ್ಸುಗಳ ಪರವಾಗಿ ನಿಂತಿತು.

ಆ ಕಾನೂನಿನಲ್ಲಿ ಸಂಖ್ಯೆಗಿಂತ ಮುಖ್ಯವಾದ ಒಂದು ಮಾತಿದೆ. ಈ ಪ್ರಮಾಣ ಎಲ್ಲ ಹೊತ್ತಿನಲ್ಲೂ ಇರಬೇಕು. ಹಗಲಿಗೂ ಅಷ್ಟೇ, ರಾತ್ರಿಗೂ ಅಷ್ಟೇ. ಒಬ್ಬ ನರ್ಸ್ ಊಟಕ್ಕೆ ಹೋದರೆ ಅವರ ರೋಗಿಗಳನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ, ಬದಲಿ ಬರಬೇಕು. ನಮ್ಮಲ್ಲಿ ಎಡವುವುದು ಇಲ್ಲೇ.

ನಮ್ಮ ದೇಶದಲ್ಲೂ ಲೆಕ್ಕ ಇಲ್ಲದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವಿದೆ. ಕೇಂದ್ರ ಹಣಕಾಸು ಸಚಿವಾಲಯದ ಸಿಬ್ಬಂದಿ ಪರಿಶೀಲನಾ ಘಟಕ ಸಾಮಾನ್ಯ ವಾರ್ಡಿಗೆ ಆರಕ್ಕೊಬ್ಬರು, ತೀವ್ರ ನಿಗಾ ಘಟಕಕ್ಕೆ ಒಬ್ಬರಿಗೊಬ್ಬರು ಎಂದು ಹೇಳಿದೆ. ಆದರೆ ಇವು ಮಾರ್ಗಸೂಚಿಗಳು. ಮೀರಿದರೆ ಕೇಳುವವರಿಲ್ಲ. ಇನ್ನೂ ಒಂದು ತೊಡಕು: ಈ ಆರಕ್ಕೊಬ್ಬರನ್ನು ಪ್ರತಿ ಪಾಳಿಗೂ ಎಂದು ಓದಿದರೆ ಒಂದು ಲೆಕ್ಕ, ಮೂರು ಪಾಳಿಗೂ ಒಟ್ಟಾರೆ ಎಂದು ಓದಿದರೆ ಇನ್ನೊಂದು ಲೆಕ್ಕ. ಎರಡನೆಯದರಲ್ಲಿ ಕಾಗದದ ಮೇಲೆ ನರ್ಸ್ ಇರುತ್ತಾರೆ, ಹಾಸಿಗೆಯ ಪಕ್ಕ ಇರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪೆನ್ನು ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ. ಮೂವತ್ತು ಹಾಸಿಗೆಯ ವಾರ್ಡಿಗೆ ಪ್ರತಿ ಪಾಳಿಯಲ್ಲೂ ಆರಕ್ಕೊಬ್ಬರು ಬೇಕೆಂದರೆ ಒಂದು ಪಾಳಿಗೆ ಐದು ಜನ. ಮೂರು ಪಾಳಿಗೆ ಹದಿನೈದು. ಹದಿನೈದು ಜನರನ್ನು ನೇಮಿಸಿದರೆ ಸಾಕೇ? ಸಾಲದು. ಒಬ್ಬ ನರ್ಸಿಗೆ ವಾರಕ್ಕೊಂದರಂತೆ ವರ್ಷದಲ್ಲಿ 52 ರಜೆ ಇವೆ, ಸಾಂದರ್ಭಿಕ ರಜೆ, ಗಳಿಕೆ ರಜೆ, ಹಬ್ಬದ ರಜೆ ಇವೆ. ಮೈ ಸರಿಯಿಲ್ಲದ ದಿನಗಳಿವೆ, ಹೆರಿಗೆ ರಜೆ ಇದೆ. ಎಲ್ಲ ಕಳೆದರೆ ಡ್ಯೂಟಿಗೆ ಸಿಗುವುದು ಸುಮಾರು 250 ದಿನ. ವಾರ್ಡಿಗೆ ಮಾತ್ರ 365 ದಿನವೂ ರಜೆಯಿಲ್ಲ. ಅದಕ್ಕೇ ಅದೇ ಸಿಬ್ಬಂದಿ ಪರಿಶೀಲನಾ ಘಟಕ ಶೇ. 45ರಷ್ಟು ಹುದ್ದೆಗಳನ್ನು ಹೆಚ್ಚಿಗೆ ಕೊಡಬೇಕು ಎಂದದ್ದು. ಹಾಗೆ ಲೆಕ್ಕ ಹಾಕಿದರೆ ಆ ಒಂದು ವಾರ್ಡಿಗೆ ಇಪ್ಪತ್ತೆರಡು ಜನ ಬೇಕು. ಹತ್ತು ಜನ ಇದ್ದರೆ ದಿನಕ್ಕೆ ಏಳು ಜನ ಸಿಗುವುದೂ ಕಷ್ಟ. ಬೆಳಿಗ್ಗೆ ಮೂವರು, ಮಧ್ಯಾಹ್ನ ಇಬ್ಬರು ಎಂದು ಹಂಚುತ್ತ ಬಂದು ಯಾರೋ ಒಬ್ಬರು ಜ್ವರವೆಂದು ಮಲಗಿದರೆ, ರಾತ್ರಿಗೆ ಉಳಿಯುವುದು ಒಬ್ಬರೇ. ಆ ಒಂಟಿ ಸಿಸ್ಟರ್ ಆಕಾಶದಿಂದ ಬಿದ್ದ ಕಷ್ಟವಲ್ಲ. ಹುದ್ದೆ ಮಂಜೂರು ಮಾಡುವ ದಿನವೇ ನಿಶ್ಚಯವಾದ ಕಷ್ಟ.

‘ನರ್ಸುಗಳೇ ಸಿಗುವುದಿಲ್ಲ’ ಎಂಬ ಮಾತು ಆಗಾಗ ಕೇಳುತ್ತೇವೆ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದು ಒಂದು. ಬೆಂಗಳೂರು, ಮಂಗಳೂರುಗಳಲ್ಲಿ ಕಲಿತ ಹುಡುಗಿಯರೂ ಹುಡುಗರೂ ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಓದಿದವರು ಇದ್ದಾರೆ, ಹುದ್ದೆ ಇಲ್ಲ. ಹುದ್ದೆ ಇದ್ದರೆ ಅದು ಕಾಯಂ ಅಲ್ಲ, ಗುತ್ತಿಗೆ. ಅದೇ ವಾರ್ಡು, ಅದೇ ಡ್ಯೂಟಿ, ಅದೇ ಜವಾಬ್ದಾರಿ, ಸಂಬಳ ಮಾತ್ರ ಅರ್ಧಕ್ಕಿಂತ ಕಡಿಮೆ ಎಂದಾಗ, ಕಲಿತವರು ಪಾಸ್‌ಪೋರ್ಟ್ ಮಾಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಬೇಡಿಕೆ ರಾತ್ರಿ ಪಾಳಿ, ಮೂರನೆಯದು ಡ್ಯೂಟಿ ಲಿಸ್ಟ್. ಎರಡನ್ನೂ ಜೊತೆಯಲ್ಲೇ ನೋಡೋಣ.

ಜಪಾನಿನ ನರ್ಸುಗಳು ಅರವತ್ತರ ದಶಕದಲ್ಲಿ ಈ ಪ್ರಶ್ನೆಯನ್ನು ಎರಡು ಅಂಕಿಗಳಿಗೆ ಇಳಿಸಿದರು: ಎರಡು ಮತ್ತು ಎಂಟು. ರಾತ್ರಿ ವಾರ್ಡಿನಲ್ಲಿ ಕನಿಷ್ಠ ಇಬ್ಬರು, ಒಬ್ಬರಿಗೆ ತಿಂಗಳಿಗೆ ಎಂಟಕ್ಕಿಂತ ಹೆಚ್ಚು ರಾತ್ರಿ ಇಲ್ಲ. ರಾಷ್ಟ್ರೀಯ ಆಸ್ಪತ್ರೆಗಳ ನೌಕರರ ಸಂಘ ಸರ್ಕಾರದ ಸಿಬ್ಬಂದಿ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. ತಿಂಗಳಿಗೆ ಸರಾಸರಿ ಎಂಟು ರಾತ್ರಿಯೇ ಸರಿಯಾದ ಗುರಿ, ಒಬ್ಬರೇ ರಾತ್ರಿ ಕಾಯುವ ಪದ್ಧತಿ ಹೋಗಬೇಕು ಎಂದು ಪ್ರಾಧಿಕಾರ 1965ರಲ್ಲಿ ಹೇಳಿತು. ಹೇಳಿದ್ದು ಜಾರಿಯಾಗಲಿಲ್ಲ. 1968ರಲ್ಲಿ ನಿಗಾಟ ಪ್ರಾಂತ್ಯದ ಆಸ್ಪತ್ರೆಗಳ ನರ್ಸುಗಳು, ನೀವು ಮಾಡದಿದ್ದರೆ ನಾವೇ ಮಾಡುತ್ತೇವೆ ಎಂದು ಇಬ್ಬರು-ಎಂಟು ಲೆಕ್ಕದ ಡ್ಯೂಟಿ ಪಟ್ಟಿಯನ್ನು ತಾವೇ ತಯಾರಿಸಿ ಅದರಂತೆ ಕೆಲಸಕ್ಕೆ ನಿಂತರು. ಹೋರಾಟ ದೇಶದ ಉದ್ದಗಲಕ್ಕೂ ಹಬ್ಬಿತು. ಕೆಲಸ ನಿಲ್ಲಿಸದೆ, ಕೆಲಸದ ಕ್ರಮವನ್ನೇ ತಿದ್ದಿದ ಆ ಹೋರಾಟದ ಬಗೆ ನನಗೆ ಬಹಳ ಹಿಡಿಸುತ್ತದೆ.

ಇಬ್ಬರು ಯಾಕೆ ಬೇಕು? ಒಬ್ಬ ರೋಗಿಯ ಹೃದಯದ ಬಡಿತ ನಿಂತರೆ ಎದೆ ಒತ್ತುವುದಕ್ಕೆ ಒಬ್ಬರು ಬೇಕು, ಡಾಕ್ಟರಿಗೆ ಫೋನ್ ಮಾಡಿ ಔಷಧದ ಟ್ರಾಲಿ ತರುವುದಕ್ಕೆ ಇನ್ನೊಬ್ಬರು ಬೇಕು. ಒಬ್ಬರೇ ಇದ್ದರೆ ಎರಡರಲ್ಲಿ ಒಂದು ತಡವಾಗುತ್ತದೆ. ಹೆಚ್ಚು ಅಪಾಯದ ಇಂಜೆಕ್ಷನ್ನುಗಳನ್ನು ಕೊಡುವ ಮುಂಚೆ ಇಬ್ಬರು ನೋಡಿ ಖಚಿತಪಡಿಸಬೇಕು ಎಂಬ ನಿಯಮವಿದೆ. ಒಬ್ಬರೇ ಇರುವ ವಾರ್ಡಿನಲ್ಲಿ ಎರಡನೆಯ ಸಹಿ ಯಾರದು?

ದಣಿವಿನ ಲೆಕ್ಕವೂ ಇದೆ. ಅಮೆರಿಕದಲ್ಲಿ 393 ನರ್ಸುಗಳು ತಮ್ಮ ಕೆಲಸದ ಗಂಟೆಗಳನ್ನೂ ತಪ್ಪುಗಳನ್ನೂ ದಿನಚರಿಯಲ್ಲಿ ಬರೆದಿಟ್ಟ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪಾಳಿ ಹನ್ನೆರಡೂವರೆ ಗಂಟೆ ದಾಟಿದಾಗ ತಪ್ಪಾಗುವ ಸಾಧ್ಯತೆ ಮೂರು ಪಟ್ಟು. ನಮ್ಮಲ್ಲಿ ಅನೇಕ ಕಡೆ ಬೆಳಿಗ್ಗೆ ಆರು ಗಂಟೆ, ಮಧ್ಯಾಹ್ನ ಆರು, ರಾತ್ರಿ ಹನ್ನೆರಡು ಗಂಟೆಯ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಿಡುಗಡೆ ಮಾಡಬೇಕಾದವರು ಬರದಿದ್ದರೆ ರಾತ್ರಿಯ ಸಿಸ್ಟರ್ ಹಾಗೇ ಮುಂದುವರಿಯುತ್ತಾರೆ. ಹನ್ನೆರಡೂವರೆ ದಾಟುವುದು ನಮಗೆ ಅಪರೂಪದ ಸಂಗತಿಯಲ್ಲ.

ಇನ್ನು ಡ್ಯೂಟಿ ಲಿಸ್ಟ್. ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗ ನಾನೂ ಈ ಲಿಸ್ಟ್ ಹಾಕಿದ್ದೇನೆ. ಗೆರೆ ಹಾಕಿದ ದೊಡ್ಡ ಹಾಳೆ, ಎಡಗಡೆ ಹೆಸರುಗಳು, ಮೇಲುಗಡೆ ಒಂದರಿಂದ ಮೂವತ್ತೊಂದು. ಪೆನ್ನಿನಲ್ಲಿ ಬರೆಯುವುದಿಲ್ಲ, ಪೆನ್ಸಿಲ್ಲು, ಯಾಕೆಂದರೆ ಸಂಜೆಯೊಳಗೆ ಅಳಿಸಬೇಕಾಗುತ್ತದೆ. ಒಬ್ಬರ ಮಗುವಿಗೆ ಪರೀಕ್ಷೆ, ಒಬ್ಬರ ಅತ್ತೆಗೆ ಕಣ್ಣಿನ ಆಪರೇಷನ್, ಒಬ್ಬರಿಗೆ ಆರು ತಿಂಗಳು. ಯಾರನ್ನು ರಾತ್ರಿಗೆ ಹಾಕಲಿ? ಕಂಬಳಿ ಚಿಕ್ಕದಾದಾಗ ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಆಗ ಜಗಳ ಹುಟ್ಟುವುದು ಸಿಸ್ಟರ್ ಸಿಸ್ಟರ್ ನಡುವೆ. ‘ಅವಳಿಗೆ ಮಾತ್ರ ಭಾನುವಾರ ಆಫ್’ ಎಂಬ ಮಾತು ಬರುತ್ತದೆ. ಜನ ಕಡಿಮೆಯಿಟ್ಟದ್ದು ಯಾರೋ, ಮನಸ್ಸು ಮುರಿದುಕೊಳ್ಳುವವರು ಯಾರೋ. ಸಂಘದ ಮೊದಲ ಉಪಕಾರ ಇದು: ಜಗಳವನ್ನು ಡ್ಯೂಟಿ ರೂಮಿನಿಂದ ಎತ್ತಿ ಅದು ಸೇರಬೇಕಾದ ಮೇಜಿನ ಮೇಲೆ ಇಡುತ್ತದೆ.

ನಾಲ್ಕನೆಯದು ರಕ್ಷಣೆ. ಇಲ್ಲಿ ನಾನು ನಮ್ಮ ನಾಡಿನ ಒಬ್ಬ ಮಗಳ ಹೆಸರನ್ನು ಗೌರವದಿಂದ ಹೇಳಬೇಕು. ಅರುಣಾ ಶಾನಭಾಗ, ಉತ್ತರ ಕನ್ನಡದ ಹಳದೀಪುರದವರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ರಕ್ತ ಹೋಗದೆ ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲಿಲ್ಲ. ಆಗ ಮುಂಬಯಿಯ ನರ್ಸುಗಳು ಮುಷ್ಕರ ಹೂಡಿದರು. ಅರುಣಾಗೆ ಸರಿಯಾದ ಆರೈಕೆ ಮತ್ತು ತಮಗೆಲ್ಲ ಭದ್ರತೆ ಬೇಕೆಂದು ಕೇಳಿದರು. ಮುಂದೆ ಮುಂಬಯಿ ಪಾಲಿಕೆ ಅರುಣಾ ಅವರನ್ನು ಅಲ್ಲಿಂದ ಬೇರೆಡೆಗೆ ಸಾಗಿಸಲು ನೋಡಿದಾಗಲೂ ಅಡ್ಡ ನಿಂತವರು ನರ್ಸುಗಳೇ.

ಅರುಣಾ 2015ರ ಮೇ 18ರಂದು ತೀರಿಕೊಂಡರು. ಸುಮಾರು ನಲವತ್ತೆರಡು ವರ್ಷ ಕೆ.ಇ.ಎಂ. ನರ್ಸುಗಳು ಪಾಳಿಯ ಮೇಲೆ ಅವರನ್ನು ನೋಡಿಕೊಂಡರು. ಅವರ ಜೊತೆ ಕೆಲಸ ಮಾಡಿದವರು ನಿವೃತ್ತರಾದರು, ಅವರನ್ನು ಕಂಡೇ ಇರದ ಹೊಸಬರು ಬಂದರು, ಆರೈಕೆ ತಪ್ಪಲಿಲ್ಲ. ಇಷ್ಟು ವರ್ಷ ಮಲಗಿದ್ದ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ ಎಂಬುದನ್ನು ಸುಪ್ರೀಂ ಕೋರ್ಟಿನ ಮುಂದೆ ಬಂದ ದಾಖಲೆಗಳು ಹೇಳುತ್ತವೆ. 2011ರ ಮಾರ್ಚಿನ ತೀರ್ಪಿನಲ್ಲಿ ಆ ಸಿಬ್ಬಂದಿಯ ಸೇವೆಯನ್ನು ಕೋರ್ಟು ಮನಸಾರೆ ಹೊಗಳಿತು. ಮಗ್ಗುಲು ಬದಲಿಸುವ ಕೆಲಸ ಮೊದಲು ಬಿಟ್ಟುಹೋಗುತ್ತದೆ ಎಂದೆನಲ್ಲ, ಕೈಗಳು ಸಾಕಷ್ಟು ಇದ್ದು, ನಮ್ಮವಳು ಎಂಬ ಭಾವ ಸೇರಿದರೆ ಅದೇ ಕೆಲಸ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅಂದು ಮುಷ್ಕರ ಹೂಡಿದವರೂ ಆಮೇಲೆ ಆರೈಕೆ ಮಾಡಿದವರೂ ಒಂದೇ ಬಳಗದವರು. ಸೇವೆ ಮಾಡುವವರಿಗೆ ಸಂಘ ಯಾಕೆ ಎನ್ನುವವರು ಇದನ್ನು ನೆನಪಿಡಬೇಕು.

2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆದಾಗ ಸುಪ್ರೀಂ ಕೋರ್ಟು ಮತ್ತೆ ಅರುಣಾ ಅವರ ಹೆಸರನ್ನು ನೆನೆಯಿತು. ಆಸ್ಪತ್ರೆಗಳಲ್ಲಿ ವಿಶ್ರಾಂತಿ ಕೋಣೆ ಇಲ್ಲ, ರಾತ್ರಿ ಪಾಳಿಯವರಿಗೆ ವಾಹನ ಇಲ್ಲ, ಶೌಚಾಲಯ ಸರಿಯಿಲ್ಲ ಎಂದು ಬರೆದು, ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. ನಮ್ಮ ನಿಮ್ಹಾನ್ಸ್ ನಿರ್ದೇಶಕರೂ ಅದರಲ್ಲಿ ಇದ್ದರು. ಹಿರಿಯ ವೈದ್ಯರಿದ್ದರು, ಹಿರಿಯ ಅಧಿಕಾರಿಗಳಿದ್ದರು. ನರ್ಸ್ ಒಬ್ಬರೂ ಇರಲಿಲ್ಲ. ಇಡೀ ರಾತ್ರಿ ವಾರ್ಡಿನಲ್ಲಿ ಇರುವವರನ್ನು ಬಿಟ್ಟು ವಾರ್ಡಿನ ಭದ್ರತೆಯ ಮಾತಾಡುವುದು ನಮ್ಮಲ್ಲಿ ಎಷ್ಟು ಸಹಜವಾಗಿ ಹೋಗಿದೆ ನೋಡಿ.

ನರ್ಸುಗಳು ಒಬ್ಬೊಬ್ಬರಾಗಿ ಹೇಳಿದ್ದು ಕೇಳಿಸದಿದ್ದಾಗ ಒಟ್ಟಾಗಿ ಹೇಳುತ್ತಾರೆ. ಹಾಗೆ ಹೇಳುವ ಹಕ್ಕಿಗೆ ಬೆಂಗಳೂರಿನ ಕೊಡುಗೆಯೂ ಇದೆ. ಬೆಂಗಳೂರು ಜಲಮಂಡಳಿಯ ನೌಕರರ ತಕರಾರೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಆಸ್ಪತ್ರೆಗಳೂ ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಅದು ಸಾರಿತು. ಅದರ ವ್ಯಾಪ್ತಿಯ ಬಗ್ಗೆ ಚರ್ಚೆ ಆಮೇಲೂ ನಡೆಯುತ್ತಲೇ ಬಂದಿದೆ. ಆದರೂ ಸೇವೆಯ ಹೆಸರಿನಲ್ಲಿ ನೌಕರರ ನ್ಯಾಯವನ್ನು ಬದಿಗೊತ್ತುವಂತಿಲ್ಲ ಎಂಬ ಅದರ ಸಾರ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ದೊಡ್ಡ ಬಲ ಕೊಟ್ಟಿತು.

ನೆರೆಯ ಕೇರಳದಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸುಗಳು 2011ರಲ್ಲಿ ಸಂಘ ಕಟ್ಟಿಕೊಂಡರು. ಶಿಕ್ಷಣ ಸಾಲ ತೀರಿಸಲೂ ಸಾಲದ ಸಂಬಳ, ಬಿಟ್ಟು ಹೋಗಲು ಬಿಡದ ಬಾಂಡ್, ಕೈಗೆ ಕೊಡದೆ ಇಟ್ಟುಕೊಂಡ ಸರ್ಟಿಫಿಕೇಟು, ಇವು ಅವರ ಕಷ್ಟಗಳು. ಭಾರತೀಯ ದಾದಿಯರ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಸಮಿತಿ ರಚಿಸಲು ಹೇಳಿತು. ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲದ ಸಂಬಳ, ಇನ್ನೂರು ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಎಲ್ಲ ರಾಜ್ಯಗಳಿಗೂ ಹೋಯಿತು. ಕೇರಳದಲ್ಲಿ ಸಂಘ ಬೆನ್ನು ಬಿಡಲಿಲ್ಲವಾದ್ದರಿಂದ 2018ರ ಏಪ್ರಿಲ್‌ನಲ್ಲಿ ಇಪ್ಪತ್ತು ಸಾವಿರದ ಕನಿಷ್ಠ ಸಂಬಳ ಸರ್ಕಾರಿ ಅಧಿಸೂಚನೆಯಾಗಿ ಹೊರಬಂತು. ಶಿಫಾರಸು ತಾನಾಗಿ ನಡೆಯುವುದಿಲ್ಲ, ಅದನ್ನು ನಡೆಸುವವರು ಬೇಕು.

‘ಮುಷ್ಕರ ಮಾಡಿದರೆ ರೋಗಿಗಳ ಗತಿ ಏನು?’ ಇದು ನ್ಯಾಯವಾದ ಪ್ರಶ್ನೆ. ನರ್ಸುಗಳೂ ಅದನ್ನು ತಮಗೆ ತಾವೇ ಕೇಳಿಕೊಂಡು ನಿದ್ದೆಗೆಟ್ಟಿರುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಯ ಕತೆ ಕೇಳಿ. 2018ರಲ್ಲಿ ಆ ರಾಜ್ಯದ ನರ್ಸುಗಳು ರೋಗಿಗಳ ಸಂಖ್ಯೆಗೆ ಕಾನೂನಿನ ಮಿತಿ ಬೇಕೆಂದು ಜನಮತಕ್ಕೆ ಹೋಗಿ ಸೋತರು. ಆಸ್ಪತ್ರೆಗಳು ಮುಚ್ಚಿಹೋಗುತ್ತವೆ ಎಂಬ ಪ್ರಚಾರ ಜನರನ್ನು ಹೆದರಿಸಿತ್ತು. ಆಮೇಲೆ ಕೋವಿಡ್ ಬಂತು. ಸೇಂಟ್ ವಿನ್ಸೆಂಟ್ ನರ್ಸುಗಳು ಅಪಾಯಕರ ಪಾಳಿಗಳ ಬಗ್ಗೆ ಲಿಖಿತ ವರದಿಗಳನ್ನು ಕೊಡುತ್ತಲೇ ಹೋದರು. ಅಲ್ಲಿನ ಕಾನೂನಿನ ಪ್ರಕಾರ ಹತ್ತು ದಿನ ಮುಂಚಿತವಾಗಿ ನೋಟಿಸ್ ಕೊಟ್ಟು 2021ರ ಮಾರ್ಚ್ 8ರಂದು ಹೊರಬಂದರು.

ಬೇಸಿಗೆಯ ಹೊತ್ತಿಗೆ ಸಿಬ್ಬಂದಿ ಸಂಖ್ಯೆಯ ಬಗ್ಗೆ ಬಹುಮಟ್ಟಿಗೆ ಒಪ್ಪಿಗೆಯಾಯಿತು. ಆದರೆ ಮುಷ್ಕರದ ಕಾಲದಲ್ಲಿ ಬೇರೆಯವರನ್ನು ಕಾಯಂ ಆಗಿ ನೇಮಿಸಿಕೊಂಡಿದ್ದ ಆಡಳಿತ, ಎಲ್ಲರಿಗೂ ಹಳೆಯ ಹುದ್ದೆ ಕೊಡಲಾರೆ ಎಂದಿತು. ಹೊರಗಿದ್ದವರು ಹೊರಗೇ ಉಳಿದರು, ಎಲ್ಲರಿಗೂ ಅವರವರ ಜಾಗ ಸಿಗುವವರೆಗೆ. ಕೊನೆಗೆ ಕೇಂದ್ರದ ಕಾರ್ಮಿಕ ಕಾರ್ಯದರ್ಶಿ ಮಧ್ಯೆ ಬಂದು ರಾಜಿ ಮಾಡಿಸಿದರು. 2022ರ ಜನವರಿ 3ರಂದು ಒಪ್ಪಂದಕ್ಕೆ ಮತ ಬಿತ್ತು. ಆಗ ಮುಷ್ಕರಕ್ಕೆ 301 ದಿನ. ಆ ಕುಟುಂಬಗಳು ಹತ್ತು ತಿಂಗಳು ಸಂಬಳವಿಲ್ಲದೆ ಕಳೆದವು. ಸುಖಕ್ಕಾಗಿ ಯಾರೂ ಇಂಥ ದಾರಿ ಹಿಡಿಯುವುದಿಲ್ಲ. ಮುಷ್ಕರ ಬೇಡವೆಂದು ನಿಜವಾಗಿ ಬಯಸುವ ಆಡಳಿತ ಮೊದಲನೆಯ ಲಿಖಿತ ವರದಿಯನ್ನೇ ಓದಬೇಕು.

ದುಡ್ಡಿನ ಮಾತೂ ಬರುತ್ತದೆ: ಇಷ್ಟು ಜನರಿಗೆ ಸಂಬಳ ಎಲ್ಲಿಂದ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಸಾರ್ವಜನಿಕ ಆಸ್ಪತ್ರೆಗಳ ಆಯ್ದ ವಾರ್ಡುಗಳಿಗೆ ಹಗಲು ನಾಲ್ಕಕ್ಕೊಬ್ಬರು, ರಾತ್ರಿ ಏಳಕ್ಕೊಬ್ಬರು ಎಂಬ ಮಿತಿ ತಂದಿತು. 27 ಆಸ್ಪತ್ರೆಗಳಲ್ಲಿ ಅದು ಜಾರಿಯಾಯಿತು, 28ರಲ್ಲಿ ಇಲ್ಲ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಮಿತಿ ಇದ್ದಲ್ಲಿ ಸಾವು ಕಡಿಮೆ, ಮತ್ತೆ ಅಡ್ಮಿಷನ್ ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನ ಕಡಿಮೆ. ಹಾಗೆ ಉಳಿದ ಹಣ ಹೆಚ್ಚುವರಿ ನರ್ಸುಗಳ ಸಂಬಳದ ಎರಡರಷ್ಟಕ್ಕಿಂತ ಹೆಚ್ಚಿತ್ತು. ನರ್ಸನ್ನು ನೇಮಿಸದಿದ್ದರೆ ಖರ್ಚು ಉಳಿಯುವುದಿಲ್ಲ. ಅದು ರೋಗಿಯ ಮನೆಯವರ ಮೇಲೆ ಬೀಳುತ್ತದೆ, ಅಷ್ಟೇ. ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ಹಾಸಿಗೆಯ ಕೆಳಗೆ ಒಬ್ಬ ಅಕ್ಕನೋ ಅಮ್ಮನೋ ಕೂಲಿ ಬಿಟ್ಟು ಬಂದು ಮಲಗಿರುತ್ತಾರಲ್ಲ, ಇಲ್ಲದ ನರ್ಸಿನ ಸಂಬಳ ಕಟ್ಟುತ್ತಿರುವವರು ಅವರು.

ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ಚಿತ್ರ ಗೊತ್ತು. ಕ್ರೈಮಿಯಾ ಯುದ್ಧದಿಂದ ಮರಳಿದ ಮೇಲೆ ಆಕೆ ಮಾಡಿದ್ದು ಲೆಕ್ಕ. ಸೈನಿಕರು ಗಾಯಕ್ಕಿಂತ ತಡೆಯಬಹುದಾಗಿದ್ದ ಕಾಯಿಲೆಗಳಿಂದಲೇ ಹೆಚ್ಚಾಗಿ ಸತ್ತರು ಎಂಬುದನ್ನು ಅಂಕಿಗಳಲ್ಲಿ, ಬಣ್ಣದ ನಕ್ಷೆಗಳಲ್ಲಿ ಬರೆದು ಅಧಿಕಾರದಲ್ಲಿದ್ದವರ ಮುಂದಿಟ್ಟರು. ಇಂದು ಸಂಘದ ಮನವಿಪತ್ರದಲ್ಲಿ ‘ಹಾಸಿಗೆ ಇಷ್ಟು, ನರ್ಸ್ ಇಷ್ಟು’ ಎಂದು ಬರೆಯುವ ಸಿಸ್ಟರ್ ಮಾಡುತ್ತಿರುವುದು ಅದೇ ಕೆಲಸ.

ಹಾಗಾದರೆ ನಮ್ಮಲ್ಲಿ ಏನಾಗಬೇಕು? ಪ್ರತಿ ಪಾಳಿಗೂ ಒಬ್ಬ ನರ್ಸಿಗೆ ಇಷ್ಟೇ ರೋಗಿ ಎಂಬ ಮಿತಿ, ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಒಂದೇ ಆಗಿ, ಕಾನೂನಿನಲ್ಲಿ ಬರಬೇಕು. ಅದನ್ನು ಪ್ರತಿ ವಾರ್ಡಿನ ಬಾಗಿಲಲ್ಲಿ ಬರೆದು ಹಾಕಬೇಕು: ಇಂದು ಈ ಪಾಳಿಯಲ್ಲಿ ರೋಗಿಗಳು ಇಷ್ಟು, ನರ್ಸುಗಳು ಇಷ್ಟು. ಡ್ಯೂಟಿ ಲಿಸ್ಟ್ ತಿಂಗಳು ಶುರುವಾಗುವ ಮುಂಚೆ ಕೈಗೆ ಸಿಗಬೇಕು. ಮಿತಿ ಮೀರಿದ ರಾತ್ರಿ, ‘ಈ ಸ್ಥಿತಿಯಲ್ಲಿ ಕೆಲಸ ಒಪ್ಪಿಕೊಂಡಿದ್ದೇನೆ, ಇದು ಸುರಕ್ಷಿತವಲ್ಲ’ ಎಂದು ಸಿಸ್ಟರ್ ಬರೆದುಕೊಡಲು ಒಂದು ನಮೂನೆ ಇರಬೇಕು, ಬರೆದವರ ಮೇಲೆ ಸೇಡು ತೀರಿಸುವಂತಿರಬಾರದು. ಕ್ಯಾಲಿಫೋರ್ನಿಯಾದ ಸಂಘಗಳು ಇಂಥ ನಮೂನೆಗಳನ್ನು ಬಹಳ ಕಾಲದಿಂದ ಬಳಸುತ್ತಿವೆ. ಆಸ್ಪತ್ರೆಯ ಬಗ್ಗೆ ತೀರ್ಮಾನ ಮಾಡುವ ಪ್ರತಿ ಸಮಿತಿಯಲ್ಲಿ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರಿಗೆ ಕುರ್ಚಿ ಇರಬೇಕು.

ಕೇಳುಗರಾದ ನೀವು ಮಾಡಬಹುದಾದದ್ದೂ ಇದೆ. ನಿಮ್ಮವರನ್ನು ಆಸ್ಪತ್ರೆಗೆ ಸೇರಿಸಿದಾಗ ಯಾವ ಡಾಕ್ಟರ್, ಯಾವ ಸ್ಕ್ಯಾನ್, ಎಷ್ಟು ಖರ್ಚು ಎಂದು ಕೇಳುತ್ತೀರಿ. ಇನ್ನೊಂದು ಪ್ರಶ್ನೆ ಸೇರಿಸಿ: ‘ರಾತ್ರಿ ಈ ವಾರ್ಡಿನಲ್ಲಿ ಎಷ್ಟು ಜನ ಸಿಸ್ಟರ್ ಇರ್ತಾರೆ?’ ಸಿಸ್ಟರನ್ನೇ ಗದರಿಸಿ ಕೇಳಬೇಡಿ, ಆಡಳಿತದವರನ್ನು ಕೇಳಿ. ಓಟು ಕೇಳಲು ಬಂದವರನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ ಎಂದು ಕೇಳಿ. ನರ್ಸುಗಳು ಆಸ್ಪತ್ರೆಯ ಗೇಟಿನ ಮುಂದೆ ಕಪ್ಪು ಪಟ್ಟಿ ಕಟ್ಟಿ ನಿಂತಿದ್ದರೆ ದಾಟಿ ಹೋಗುವ ಮುಂಚೆ ಅವರ ಕೈಯಲ್ಲಿರುವ ಕಾಗದ ಇಸಿದುಕೊಂಡು ಓದಿ. ಅದರಲ್ಲಿ ನಿಮ್ಮ ಅಮ್ಮನಿಗೆ ಬೇಕಾದದ್ದೇ ಬರೆದಿರುತ್ತದೆ. ಓದಿ ಸರಿ ಎನಿಸಿದರೆ ಕೆಳಗೆ ನಿಮ್ಮದೂ ಒಂದು ಸಹಿ ಹಾಕಿ. ನರ್ಸುಗಳ ಸಹಿಯಷ್ಟೇ ಇರುವ ಮನವಿಪತ್ರ ಕಡತ ಸೇರುತ್ತದೆ. ಊರಿನವರ ಸಹಿಯೂ ಇರುವ ಮನವಿಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.